ತಾಯಿಮರ ಸರಿಯಿದ್ದರೆ ಕಸಿಯೂ ಸರಿ, ಲ್ಯಾಬೂ ಸರಿ

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ನರ್ಸರಿಗೆ ಪಿಕಪ್ ಗಾಡಿಗಳು ಬರಲು ಶುರು. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ಕೃಷಿಕರು ಗೇರು ಕಸಿ ಗಿಡ ಒಯ್ಯಲು ಬರುತ್ತಾರೆ. ಗಿಡ ಎಣಿಸಿ ಗಾಡಿಗೆ ಏರಿಸುವ ಹೊತ್ತಿನಲ್ಲಿ ಈಚೆಗೆ ಒಂದು ಪ್ರಶ್ನೆ ಎದುರಾಗುತ್ತಲೇ ಇರುತ್ತದೆ. “ಬಾಳೆಯಲ್ಲಿ ಟಿಶ್ಯೂ ಕಲ್ಚರ್ ಗಿಡ ಬಂತು, ಊರಿಡೀ ಜಿ-9 ಆಯಿತು. ಗೇರಿನದ್ದು ಯಾಕಿಲ್ಲ? ಅಡಿಕೆಯದ್ದು ಯಾವಾಗ ಸಿಗುತ್ತದೆ?” ಲ್ಯಾಬಿನ ಗಿಡ ಅಂದರೆ ಹೆಚ್ಚು ಫಸಲಿನ ಗಿಡ, ಕೈಯಲ್ಲಿ ಕಟ್ಟಿದ ಕಸಿ ಅಂದರೆ ಹಳೆಯ ಕಾಲದ್ದು ಎಂಬ ಭಾವನೆ ಆ ಪ್ರಶ್ನೆಯ ಹಿಂದೆ ಇರುತ್ತದೆ.

ನನಗೆ ಎರಡೂ ಕೆಲಸ ಗೊತ್ತು. ಸಸ್ಯಶಾಸ್ತ್ರ ಓದಿ, ಮದುವೆಗೆ ಮೊದಲು ಬೆಂಗಳೂರಿನ ಒಂದು ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಬಾಳೆ ಸಸಿಗಳನ್ನು ಬಾಟಲಿಯಿಂದ ಬಾಟಲಿಗೆ ದಾಟಿಸುತ್ತಿದ್ದೆ. ಈ ಮನೆಗೆ ಬಂದ ಮೇಲೆ ಅತ್ತೆಯಿಂದ ಗೇರು ಕಸಿ ಕಟ್ಟಲು ಕಲಿತೆ. ಎರಡೂ ಕಡೆ ಕತ್ತಿ ಹಿಡಿದ ಮೇಲೆ ನನಗೆ ಖಾತ್ರಿಯಾದ ಮಾತು ಇದು: ಕಸಿಯಾಗಲಿ ಲ್ಯಾಬ್ ಆಗಲಿ ಹೊಸ ಗುಣವನ್ನು ಹುಟ್ಟಿಸುವುದಿಲ್ಲ, ಇರುವ ಗುಣವನ್ನು ಹೆಚ್ಚಿಸಿ ಹಂಚುತ್ತದೆ ಅಷ್ಟೆ. ಆ ಗುಣ ಇರುವುದು ತಾಯಿಮರದಲ್ಲಿ.

ಬೀಜ ಹಾಕಿದರೆ ಸಾಲದೇ?

ಗೇರಿನ ಮೂಲ ಊರು ಬ್ರೆಜಿಲ್ ದೇಶದ ಈಶಾನ್ಯ ಭಾಗ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅಲ್ಲಿಂದ ಮುಂದೆ ಅದು ಹಬ್ಬಿದ್ದೆಲ್ಲ ಬೀಜದಿಂದ. ಗುಡ್ಡೆಯ ಮಣ್ಣು ಕೊಚ್ಚಿ ಹೋಗಬಾರದೆಂದು ಬಿತ್ತಿದ್ದೂ ಉಂಟು, ಹಣ್ಣು ತಿಂದವರು ಎಸೆದ ಬೀಜ ತಾನಾಗಿ ಮೊಳೆತದ್ದೂ ಉಂಟು.

ಗೇರಿನ ಒಂದೇ ಹೂಗೊಂಚಲಿನಲ್ಲಿ ಗಂಡು ಹೂವೂ ಇರುತ್ತದೆ, ದ್ವಿಲಿಂಗಿ ಹೂವೂ ಇರುತ್ತದೆ. ನೊಣ, ಜೇನು, ಇರುವೆಗಳು ಒಂದು ಮರದ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತವೆ. ಹೀಗೆ ಪರಕೀಯ ಪರಾಗಸ್ಪರ್ಶದಿಂದ ಕಟ್ಟಿದ ಬೀಜದಲ್ಲಿ ತಾಯಿಯ ಅರ್ಧ ಪಾಲು ಮಾತ್ರ. ಉಳಿದರ್ಧ ಯಾವ ಮರದ್ದೋ ಹೇಳಲಾಗದು. ಆದ್ದರಿಂದಲೇ ಬೀಜದಿಂದ ಎದ್ದ ಗುಡ್ಡೆಯಲ್ಲಿ ಒಂದು ಮರ ಗೊನೆಗೊನೆಯಾಗಿ ಕಾಯಿ ಬಿಟ್ಟರೆ ಅದರ ಪಕ್ಕದ್ದು ಬರೀ ಎಲೆ ಮಾಡಿಕೊಂಡು ನಿಲ್ಲುತ್ತದೆ. ಒಳ್ಳೆಯ ಮರವನ್ನು ಹಾಗೆಯೇ ಇನ್ನೊಂದು ಮಾಡಬೇಕಾದರೆ ಬೀಜವನ್ನು ಬಿಟ್ಟು ಆ ಮರದ ದೇಹದ ತುಂಡನ್ನೇ ಬೆಳೆಸಬೇಕು.

ಮೊದಲು ಇದಕ್ಕೆ ಗೂಟಿ ಕಟ್ಟುತ್ತಿದ್ದರು. ಕೊಂಬೆಯ ತೊಗಟೆ ಉಂಗುರದಂತೆ ತೆಗೆದು, ಪಾಚಿಯನ್ನೋ ಒದ್ದೆ ಮರದ ಹುಡಿಯನ್ನೋ ಸುತ್ತಿ ಬೇರು ಬರಿಸಿ ಕತ್ತರಿಸುವ ವಿಧಾನ ಅದು. ಗಿಡವೇನೋ ಸಿಗುತ್ತಿತ್ತು. ಆದರೆ ಗೂಟಿಗೆ ತಾಯಿಬೇರು ಇಲ್ಲ, ಬೇರು ಮೇಲೆ ಮೇಲೆಯೇ ಹರಡುತ್ತದೆ. ಬೇಸಿಗೆಯಲ್ಲಿ ಬಾಡುತ್ತದೆ, ಗಾಳಿಗೆ ಮಗುಚುತ್ತದೆ. ಬೀಜದ ಸಸಿಯ ಗಟ್ಟಿ ಬೇರು ಬೇಕು, ಮೇಲೆ ಗೊತ್ತಿರುವ ಮರದ ಕೊಂಬೆ ಬೇಕು. ಈ ಎರಡನ್ನೂ ಒಟ್ಟಿಗೆ ಕೊಟ್ಟದ್ದು ಮೃದುಕಾಂಡ ಕಸಿ.

ಕಸಿ ಕಟ್ಟುವುದು ಹೀಗೆ

ಬಿತ್ತುವ ಬೀಜವನ್ನು ಮೊದಲು ನೀರಿಗೆ ಹಾಕುತ್ತೇವೆ. ತೇಲಿದ್ದು ಬೇಡ, ಮುಳುಗಿದ್ದು ಬೇಕು. ರಾತ್ರಿಯಿಡೀ ನೆನೆಸಿ, ತೊಟ್ಟಿನ ಭಾಗ ಮೇಲಾಗಿ ಪಾಲಿಥಿನ್ ಚೀಲದಲ್ಲಿ ಒಂದಿಂಚಿನಷ್ಟು ಆಳಕ್ಕೆ ಊರುತ್ತೇವೆ. ಒಂದೂವರೆಯಿಂದ ಎರಡು ತಿಂಗಳ ಸಸಿ ಕಸಿಗೆ ಸರಿಯಾದ ಪ್ರಾಯ. ಕಾಂಡ ಆಗ ಎಳೆಯದಾಗಿರುತ್ತದೆ, ಕತ್ತಿ ಸಲೀಸಾಗಿ ಇಳಿಯುತ್ತದೆ.

ಕಸಿಕಡ್ಡಿಯ ತಯಾರಿ ತಾಯಿಮರದಲ್ಲೇ ಆರಂಭವಾಗುತ್ತದೆ. ಹೂ ಬಿಡದ, ಮೂರರಿಂದ ಐದು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಪಕ್ಕದ ಗೆಲ್ಲುಗಳನ್ನು ಗುರುತು ಮಾಡಿ ಎಲೆಗಳ ಮುಕ್ಕಾಲು ಭಾಗ ಕತ್ತರಿಸಿ ಬಿಡುತ್ತೇವೆ. ವಾರ, ಹತ್ತು ದಿನದಲ್ಲಿ ಉಳಿದ ಎಲೆತೊಟ್ಟು ತಾನಾಗಿ ಉದುರಿ ತುದಿಯ ಮೊಗ್ಗು ಉಬ್ಬುತ್ತದೆ. ಆಗ ಬೆಳಿಗ್ಗೆ ಹೊತ್ತು ಏರುವ ಮೊದಲು ಗೆಲ್ಲು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತರಬೇಕು.

ಸಸಿಯನ್ನು ಬುಡದಿಂದ ಒಂದು ಗೇಣಿನಷ್ಟು ಮೇಲೆ ಕತ್ತರಿಸಿ, ಕೆಳಗಿನ ಒಂದು ಜೊತೆ ಎಲೆ ಉಳಿಸುತ್ತೇವೆ. ಕಾಂಡದ ನಡುವೆ ಆರೇಳು ಸೆಂಟಿಮೀಟರ್ ಸೀಳು. ಕಡ್ಡಿಯ ಬುಡವನ್ನು ಎರಡೂ ಬದಿಯಿಂದ ಅಷ್ಟೇ ಉದ್ದಕ್ಕೆ ಆಪಿನಂತೆ ಹೆರೆದು ಆ ಸೀಳಿಗೆ ಇಳಿಸಬೇಕು. ಇಲ್ಲಿ ನೋಡಬೇಕಾದದ್ದು ತೊಗಟೆಯ ಕೆಳಗಿನ ಹಸಿರು ಗೆರೆ. ಅಲ್ಲೇ ಕ್ಯಾಂಬಿಯಂ ಎಂಬ ತೆಳು ಪದರ ಇರುವುದು, ಮರ ದಪ್ಪವಾಗುವುದು ಅದರಿಂದ. ಸಸಿಯ ಕ್ಯಾಂಬಿಯಂ ಕಡ್ಡಿಯ ಕ್ಯಾಂಬಿಯಂಗೆ ಕನಿಷ್ಠ ಒಂದು ಬದಿಯಲ್ಲಾದರೂ ತಾಗಲೇಬೇಕು. ಕಡ್ಡಿ ಸಣ್ಣದಾದರೆ ನಡುವೆ ಇಡಬಾರದು, ಒಂದು ಬದಿಗೆ ಸರಿಸಿ ಕೂರಿಸಬೇಕು. ಕತ್ತಿ ಹರಿತ ಇರಬೇಕು, ಹೆರೆದ ಮೈಗೆ ಬೆರಳು ತಾಗಬಾರದು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಒಳಗೆ ಒದ್ದೆ ಮಾಡಿದ ಐಸ್‌ಕ್ಯಾಂಡಿ ಕೊಳವೆಯನ್ನು ಕಡ್ಡಿಗೆ ಟೋಪಿಯಂತೆ ತೊಡಿಸಿ ನೆರಳಲ್ಲಿ ಇಡುತ್ತೇವೆ. ಹತ್ತು ಹದಿನೈದು ದಿನಕ್ಕೆ ಟೋಪಿ ತೆಗೆಯಬಹುದು. ಮೂರು ನಾಲ್ಕು ವಾರಕ್ಕೆ ಹೊಸ ಚಿಗುರು ಕಾಣುತ್ತದೆ. ಐದಾರು ತಿಂಗಳಿಗೆ ಗಿಡ ಗುಂಡಿಗೆ ಇಳಿಯಲು ತಯಾರು.

ನಮ್ಮ ಹವೆಯಲ್ಲಿ ಮಳೆಗಾಲ ಮತ್ತು ಅದರ ಬೆನ್ನಿನ ತಿಂಗಳುಗಳಲ್ಲಿ ಕಟ್ಟಿದ ಕಸಿ ಚೆನ್ನಾಗಿ ಹಿಡಿಯುತ್ತದೆ, ಗಾಳಿಯಲ್ಲಿ ತೇವ ಇರುವುದೇ ಕಾರಣ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ 1986ರಲ್ಲಿ ಶುರುವಾಗಿ ಈಗ ಗೇರು ಸಂಶೋಧನಾ ನಿರ್ದೇಶನಾಲಯ ಆಗಿರುವ ಸಂಸ್ಥೆಯ ತಜ್ಞರು ಈ ವಿಧಾನವನ್ನು ಸಾವಿರಾರು ಮಂದಿಗೆ ಕಲಿಸಿದ್ದಾರೆ. ಉಳ್ಳಾಲದ ತಳಿಗಳು, ಪುತ್ತೂರಿನ ಭಾಸ್ಕರ, ಮಹಾರಾಷ್ಟ್ರದ ವೆಂಗುರ್ಲ-4, ವೆಂಗುರ್ಲ-7 ಇವೆಲ್ಲ ಮನೆಮನೆಗೆ ತಲುಪಿದ್ದು ಈ ಸೀಳು, ಈ ಪ್ಲಾಸ್ಟಿಕ್ ಪಟ್ಟಿಯಿಂದಲೇ.

ಲ್ಯಾಬಿನಲ್ಲಿ ಗೇರು ಏಕೆ ಮಣಿಯದು?

ಟಿಶ್ಯೂ ಕಲ್ಚರಿನ ತಳಹದಿ ಒಂದು ಸರಳ ಸತ್ಯ. ಗಿಡದ ಜೀವಂತ ಕಣದಲ್ಲಿ ಪೂರ್ತಿ ಗಿಡವಾಗುವ ಸೂಚನೆಯೆಲ್ಲ ಅಡಗಿದೆ. 1902ರಲ್ಲಿ ಆಸ್ಟ್ರಿಯಾದ ಗಾಟ್ಲೀಬ್ ಹಾಬರ್‌ಲಾಂಟ್ ಬಿಡಿ ಕಣಗಳನ್ನು ಬೆಳೆಸುವ ಕನಸು ಕಂಡರು. ಅಮೆರಿಕದಲ್ಲಿ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಪ್ರಕಟಿಸಿದ ಪೋಷಕ ದ್ರಾವಣದ ಪಟ್ಟಿ ಇಂದಿಗೂ ‘ಎಂಎಸ್ ಮೀಡಿಯಂ’ ಹೆಸರಿನಲ್ಲಿ ಲೋಕದ ಲ್ಯಾಬುಗಳಲ್ಲೆಲ್ಲ ಬಳಕೆಯಲ್ಲಿದೆ. ಲವಣಗಳು, ಸಕ್ಕರೆ, ಒಂದಿಷ್ಟು ಜೀವಸತ್ವ, ಗಟ್ಟಿ ಮಾಡಲು ಅಗಾರ್. ನಾವು ಮನೆಯಲ್ಲಿ ಚೈನಾ ಗ್ರಾಸ್ ಅನ್ನುವುದೂ ಅದನ್ನೇ. ಇದಕ್ಕೆ ಸಸ್ಯ ಹಾರ್ಮೋನುಗಳಲ್ಲಿ ಸೈಟೋಕೈನಿನ್ ಹೆಚ್ಚು ಹಾಕಿದರೆ ಚಿಗುರು ಒಡೆಯುತ್ತದೆ, ಆಕ್ಸಿನ್ ಹೆಚ್ಚು ಮಾಡಿದರೆ ಬೇರು ಬರುತ್ತದೆ.

ಬಾಳೆಗೆ ಇದು ಸಲೀಸು. ಕಂದಿನ ತುದಿ ಇಟ್ಟರೆ ಮರಿಯ ಮೇಲೆ ಮರಿ. ನಾನು ಕೆಲಸ ಮಾಡುತ್ತಿದ್ದ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬಾಟಲಿಗಳ ಸಾಲು, ಹಗಲಿರುಳೂ ಒಂದೇ ಹದದ ತಂಪು, ಟ್ಯೂಬ್‌ಲೈಟಿನ ಬೆಳಕು. ಲ್ಯಾಮಿನಾರ್ ಫ್ಲೋ ಎಂಬ ಶುದ್ಧ ಗಾಳಿಯ ಪೆಟ್ಟಿಗೆಯ ಮುಂದೆ ಕೂತು, ಚಿಮಟವನ್ನು ಸ್ಪಿರಿಟ್‌ನಲ್ಲಿ ಅದ್ದಿ ಸುಟ್ಟು, ಆರಿಸಿ, ಸಸಿ ಹಿಡಿಯಬೇಕು. ಉಸಿರು ತಾಗಿದರೂ ಮೂರನೇ ದಿನ ಬಾಟಲಿಯಲ್ಲಿ ಬೂಷ್ಟು.

ಗೇರಿನ ಸಂಗತಿ ಬೇರೆ. ಗೇರು, ಮಾವು ಒಂದೇ ಕುಟುಂಬ. ಗೇರಿನ ಸೊನೆ ಕೈಗೆ ತಾಗಿದರೆ ಹೇಗೆ ಸುಡುತ್ತದೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಆ ಫಿನಾಲಿಕ್ ರಸವೇ ಲ್ಯಾಬಿನಲ್ಲಿ ಶತ್ರು. ಗೆಲ್ಲಿನ ತುಂಡು ಕತ್ತರಿಸಿ ಮೀಡಿಯಂ ಮೇಲೆ ಇಟ್ಟರೆ ಕೊಯ್ದ ಜಾಗದಿಂದ ರಸ ಒಸರಿ, ಗಾಳಿಗೆ ಕಪ್ಪಾಗಿ, ತುಂಡಿನ ಸುತ್ತ ಕಂದು ವರ್ತುಲ ಹರಡುತ್ತದೆ. ತನ್ನ ರಸದಲ್ಲೇ ತಾನು ಸಾಯುತ್ತದೆ. ಇದಕ್ಕೆ ಇದ್ದಿಲಿನ ಪುಡಿ, ಆಸ್ಕಾರ್ಬಿಕ್ ಆಮ್ಲ, ಕೆಲಕಾಲ ಕತ್ತಲೆಯಲ್ಲಿ ಇಡುವುದು, ಮತ್ತೆ ಮತ್ತೆ ಹೊಸ ಮೀಡಿಯಂಗೆ ದಾಟಿಸುವುದು ಮುಂತಾದ ಉಪಾಯಗಳಿವೆ. ಹೊರಗಿನ ಕೊಳೆ ತೊಳೆದರೂ ಮರದ ಒಳಗೇ ವಾಸಿಸುವ ಸೂಕ್ಷ್ಮಜೀವಿಗಳು ತಿಂಗಳ ಮೇಲೆ ಹೊರಬರುವುದುಂಟು.

ಇವೆರಡನ್ನು ಗೆದ್ದರೂ ಪ್ರಾಯದ ಸಮಸ್ಯೆ ಉಳಿಯುತ್ತದೆ. ಮೊಳಕೆಯೊಡೆದ ಎಳೆ ಸಸಿಯ ತುಂಡು ಬಾಟಲಿಯಲ್ಲಿ ಚಿಗುರುತ್ತದೆ, ಬೇರೂ ಬಿಡುತ್ತದೆ. ಆದರೆ ಆ ಸಸಿ ದೊಡ್ಡದಾಗಿ ಎಂಥ ಕಾಯಿ ಕೊಡುತ್ತದೋ ಯಾರಿಗೆ ಗೊತ್ತು? ಇಪ್ಪತ್ತು ವರ್ಷ ಫಸಲು ಕೊಟ್ಟು ಗುಣ ತೋರಿಸಿದ ಮರದ ತುಂಡು ಇಟ್ಟರೆ ಅದು ಬೇರೇ ಬಿಡುವುದಿಲ್ಲ. ಬೇರು ಬಿಡುವುದರ ಗುಣ ಗೊತ್ತಿಲ್ಲ, ಗುಣ ಗೊತ್ತಿರುವುದು ಬೇರು ಬಿಡದು. ಬೀಜ ಕೊಡುವ ದೊಡ್ಡ ಮರಗಳಲ್ಲಿ ಬಹುಪಾಲಿಗೆ ಇದೇ ಗಂಟು.

ಈ ಗಂಟನ್ನು ಸಡಿಲಿಸಲು ಹುಡುಕಿದ ದಾರಿಯೇ ಸೂಕ್ಷ್ಮ ಕಸಿ. ಬೀಜವನ್ನು ಬಾಟಲಿಯೊಳಗೇ ಶುಚಿಯಾಗಿ ಮೊಳೆಯಿಸಿ, ಆ ಎಳೆ ಸಸಿಯ ತಲೆ ಕತ್ತರಿಸಿ ಸೀಳು ಮಾಡಿ, ಕೆಲವೇ ಮಿಲಿಮೀಟರ್ ಉದ್ದದ ಚಿಗುರುತುದಿಯನ್ನು ಭೂತಗನ್ನಡಿಯ ಕೆಳಗೆ ಅದರಲ್ಲಿ ಕೂರಿಸುತ್ತಾರೆ. ನಾವು ಕೊಟ್ಟಿಗೆಯ ಬದಿಯಲ್ಲಿ ಕೂತು ಮಾಡುವ ಕೆಲಸವೇ ಇದು, ಪ್ಲಾಸ್ಟಿಕ್ ಪಟ್ಟಿ ಮಾತ್ರ ಇಲ್ಲ. ಪುತ್ತೂರಿನ ಸಂಸ್ಥೆಯ ತಿಮ್ಮಪ್ಪಯ್ಯ ಮತ್ತು ಸಂಗಡಿಗರು ಗೇರಿನಲ್ಲಿ ಇಂಥ ಕಸಿ ಮಾಡಿ 2002ರಲ್ಲಿ ಪ್ರಬಂಧ ಪ್ರಕಟಿಸಿದರು. ಎಳೆ ಬೇರಿನ ಮೇಲೆ ಮತ್ತೆ ಮತ್ತೆ ಕೂರಿಸಿದಾಗ ಹಳೆ ಮರದ ಚಿಗುರು ಎಳೆತನದ ಕೆಲವು ಗುಣಗಳನ್ನು ಮರಳಿ ಪಡೆಯುತ್ತದೆ ಎಂಬುದು ಹಲವು ಜಾತಿಯ ಮರಗಳಲ್ಲಿ ಕಂಡಿದೆ. ರೋಗಮುಕ್ತ ತಾಯಿಗಿಡ ಮಾಡಲೂ, ಹೊರಊರಿನ ತಳಿಯನ್ನು ಕೀಟ ರೋಗ ತಾರದೆ ತರಿಸಿಕೊಳ್ಳಲೂ ಇದು ಬೇಕು. ಆದರೆ ರೈತನಿಗೆ ಲಕ್ಷಗಟ್ಟಲೆ ಗೇರು ಗಿಡ ಬೇಕಾದಾಗ ಕೈಕಸಿಯಷ್ಟು ಅಗ್ಗ, ಅದರಷ್ಟು ಭರವಸೆಯದ್ದು ಇನ್ನೊಂದಿಲ್ಲ.

ಕೆಳಗೆ ಲ್ಯಾಬ್, ಮೇಲೆ ಕತ್ತಿ

ಲ್ಯಾಬೂ ಕತ್ತಿಯೂ ಕೂಡಿ ದುಡಿಯುವುದನ್ನು ನೋಡಬೇಕಾದರೆ ಕ್ಯಾಲಿಫೋರ್ನಿಯಾದ ಅಕ್ರೋಟು (ವಾಲ್ನಟ್) ತೋಟಗಳ ಕಡೆ ನೋಡಬೇಕು. ಅಲ್ಲಿ ಮೇಲಿನ ತಳಿ ‘ಚಾಂಡ್ಲರ್’ ಮೊದಲಾದ ಇಂಗ್ಲಿಷ್ ವಾಲ್ನಟ್. ಬೇರಿಗೆ ‘ಪ್ಯಾರಡಾಕ್ಸ್’ ಎಂಬ ಮಿಶ್ರತಳಿ, ಅಂದರೆ ಸ್ಥಳೀಯ ಕಪ್ಪು ವಾಲ್ನಟ್‌ಗೂ ಇಂಗ್ಲಿಷ್ ವಾಲ್ನಟ್‌ಗೂ ಹುಟ್ಟಿದ್ದು. ಬೀಜದಿಂದ ಎಬ್ಬಿಸಿದ ಪ್ಯಾರಡಾಕ್ಸ್ ಸಸಿಗಳು ಒಂದರಂತೆ ಒಂದು ಇರಲಿಲ್ಲ. ಒಂದು ಬೇರುಕೊಳೆಗೆ ತಡೆದರೆ ಇನ್ನೊಂದು ಸಾಯುತ್ತಿತ್ತು.

1984ರಲ್ಲಿ ಡ್ರೈವರ್ ಮತ್ತು ಕುನಿಯುಕಿ ಎಂಬವರು ಪ್ಯಾರಡಾಕ್ಸ್‌ಗಾಗಿಯೇ ಒಂದು ಮೀಡಿಯಂ ರೂಪಿಸಿದರು. ಅವರ ಹೆಸರಿನ ಜೊತೆ ವಾಲ್ನಟ್ ಸೇರಿ ಅದು ‘ಡಿಕೆಡಬ್ಲ್ಯು’ ಆಯಿತು. ಆಮೇಲೆ ರೋಗ ತಡೆಯುವ ಸಸಿಗಳನ್ನು ಒಂದೊಂದಾಗಿ ಆರಿಸಿದರು. ಫೈಟಾಫ್ತೊರಾ ಕೊಳೆರೋಗಕ್ಕೆ ತಡೆಯುವ ಆರ್‌ಎಕ್ಸ್1, ಬೇರಿನ ಜಂತುಹುಳ ತಾಳಿಕೊಳ್ಳುವ ವಿಎಕ್ಸ್211 ಅಂಥವು. ಇವುಗಳನ್ನು ಲ್ಯಾಬಿನಲ್ಲಿ ಹೆಚ್ಚಿಸಿ, ಹೊರಗೆ ತಂದು ಹದಗೊಳಿಸಿ, ಬೆಳೆದ ಬಳಿಕ ಅವುಗಳ ಮೇಲೆ ಕೈಯಿಂದಲೇ ಚಾಂಡ್ಲರ್ ಮೊಗ್ಗು ಕಸಿ ಮಾಡುತ್ತಾರೆ. ಬೇರು ಲ್ಯಾಬಿನದ್ದು, ನೆತ್ತಿ ಕತ್ತಿಯದ್ದು.

ಇದನ್ನು ಓದಿದಾಗೆಲ್ಲ ನನಗೆ ನಮ್ಮ ಗೇರಿನ ಕಾಂಡಕೊರಕ ನೆನಪಾಗುತ್ತದೆ. ನಾವು ಮೇಲಿನ ಕಡ್ಡಿಗೆ ಅಷ್ಟು ಆರೈಕೆ ಮಾಡುತ್ತೇವೆ, ಕೆಳಗಿನ ಸಸಿ ಮಾತ್ರ ಸಿಕ್ಕಿದ ಬೀಜದ್ದು. ಬುಡ ಕೊರೆಯುವ ಹುಳಕ್ಕೆ ತಡೆಯುವ ಬೇರು ಎಂದಾದರೂ ಸಿಕ್ಕಿದರೆ ಅದನ್ನು ಒಂದೇ ಗುಣದಲ್ಲಿ ಹೆಚ್ಚಿಸಲು ಲ್ಯಾಬೇ ಬೇಕಾಗುತ್ತದೆ. ಗೇರಿನಲ್ಲಿ ಟಿಶ್ಯೂ ಕಲ್ಚರಿನ ನಿಜವಾದ ಜಾಗ ಅದು ಎಂದು ನಾನು ನಂಬುತ್ತೇನೆ.

ಅಡಿಕೆಗೆ ಕಸಿಯೇ ಇಲ್ಲ

ಅಡಿಕೆಯ ಕಥೆ ಪೂರ್ತಿ ಬೇರೆ. ಅಡಿಕೆ, ತೆಂಗು ಏಕದಳ ಸಸ್ಯಗಳು. ಅವುಗಳ ಕಾಂಡದಲ್ಲಿ ಗೇರಿನಂಥ ಕ್ಯಾಂಬಿಯಂ ಪದರ ಇಲ್ಲ, ಆದ್ದರಿಂದ ಕಸಿ ಕೂಡುವುದಿಲ್ಲ. ಗೆಲ್ಲಿಲ್ಲ, ಗೂಟಿಯೂ ಆಗದು. ಇಡೀ ಮರಕ್ಕೆ ಇರುವುದು ಒಂದೇ ಬೆಳೆಯುವ ತುದಿ, ಅದನ್ನು ಕತ್ತರಿಸಿದರೆ ಮರವೇ ಹೋಯಿತು. ಹಾಗಾಗಿ ಇವತ್ತಿಗೂ ಅಡಿಕೆ ತೋಟ ಎಬ್ಬಿಸುವುದು ಬೀಜದಿಂದಲೇ.

ಗಿಡ್ಡ ತಳಿಯ ಆಸೆ ನಮ್ಮಲ್ಲಿ ಯಾರಿಗಿಲ್ಲ? ಮರ ಹತ್ತುವವರು ಸಿಗದ ಈ ಕಾಲದಲ್ಲಿ ತುಮಕೂರಿನ ಹಿರೇಹಳ್ಳಿಯಲ್ಲಿ ಸಿಕ್ಕ ಗಿಡ್ಡ ಅಡಿಕೆ ನಮಗೆಲ್ಲ ಆಸೆ ಹುಟ್ಟಿಸಿತು. ಅದನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಂದಿಗೆ ಸೇರಿಸಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಟ್ಲ ಕೇಂದ್ರದವರು ಗಿಡ್ಡ ಮಿಶ್ರತಳಿಗಳನ್ನು ಮಾಡಿದರು. ಆದರೆ ಮಿಶ್ರತಳಿಯ ಬೀಜ ಬೇಕಾದರೆ ಪ್ರತಿ ಹಿಂಗಾರದ ಗಂಡು ಹೂ ತೆಗೆದು ಕೈಯಿಂದ ಪರಾಗ ಮುಟ್ಟಿಸಬೇಕು. ಆ ಗಿಡದ ಅಡಿಕೆಯನ್ನೇ ಬಿತ್ತಿದರೆ ಮಕ್ಕಳಲ್ಲಿ ಗುಣ ಚದುರುತ್ತದೆ. ಕೇಳುವವರು ಸಾವಿರ, ಸಿಗುವ ಸಸಿ ಕೆಲವೇ.

ಹೀಗಾಗಿ ಅಡಿಕೆಗೆ ಲ್ಯಾಬ್ ಒಂದೇ ದಾರಿ. ಸಿಪಿಸಿಆರ್‌ಐ ವಿಜ್ಞಾನಿಗಳು ಹಾಳೆಯೊಳಗೆ ಇನ್ನೂ ಅಡಗಿರುವ ಎಳೆ ಹಿಂಗಾರವನ್ನು ಆರಿಸಿದ್ದು ಇದಕ್ಕೇ. ಅದನ್ನು ತೆಗೆದರೆ ಒಂದು ಗೊನೆ ನಷ್ಟ, ಮರ ಉಳಿಯುತ್ತದೆ. ಆ ಹಿಂಗಾರದ ಚೂರುಗಳಿಂದ ಮೊದಲು ಕ್ಯಾಲಸ್ ಎಂಬ ಕಣಗಳ ಗಂಟು, ಅದರಿಂದ ಬೀಜದೊಳಗಿನ ಭ್ರೂಣವನ್ನೇ ಹೋಲುವ ಕಾಯಭ್ರೂಣ, ಆಮೇಲೆ ಸಸಿ. ಒಂದೊಂದು ಹಂತಕ್ಕೂ ತಿಂಗಳುಗಟ್ಟಲೆ ಬೇಕು. ಸುಳ್ಯದ ಸಂಪಾಜೆ, ಶೃಂಗೇರಿ, ಕೊಪ್ಪ ಸುತ್ತ ಹಳದಿ ಎಲೆ ರೋಗ ತೋಟಗಳನ್ನು ನುಂಗಿದೆ. ಅಂಥ ತೋಟದ ನಡುವೆಯೂ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿ ನಿಂತಿರುತ್ತದೆ. ಅವುಗಳ ಹಿಂಗಾರದಿಂದ ಸಸಿ ಮಾಡುವ ಪ್ರಯತ್ನ ನಡೆದಿದೆ. ತೋಟ ಕಳೆದುಕೊಂಡ ಮನೆಗಳನ್ನು ಕಂಡಿರುವ ನನಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ತುರ್ತಿನ ಲ್ಯಾಬ್ ಕೆಲಸ ಇನ್ನೊಂದು ಕಾಣುವುದಿಲ್ಲ.

ಅವಸರ ಮಾಡಿದರೆ

ಹಾಗೆಂದು ಅವಸರ ಸಲ್ಲದು. ಲ್ಯಾಬ್ ಒಳ್ಳೆಯದನ್ನು ಎಷ್ಟು ಬೇಗ ಹೆಚ್ಚಿಸುತ್ತದೋ ದೋಷವನ್ನೂ ಅಷ್ಟೇ ಬೇಗ ಹೆಚ್ಚಿಸುತ್ತದೆ. ಮಲೇಷ್ಯಾದಲ್ಲಿ ಟಿಶ್ಯೂ ಕಲ್ಚರ್ ತಾಳೆ ಎಣ್ಣೆ ಮರಗಳು ಫಸಲಿಗೆ ಬಂದಾಗ ಕೆಲವು ಮರಗಳ ಹೂವೇ ವಿಕಾರವಾಗಿ, ಕಾಯಿ ಕಟ್ಟದೆ ಹೋದವು. ಕಾರಣ ಸ್ಪಷ್ಟವಾಗಿ ತಿಳಿದದ್ದು 2015ರಲ್ಲಿ. ಜೀನು ಬದಲಾಗಿರಲಿಲ್ಲ, ಬಾಟಲಿಯಲ್ಲಿದ್ದಾಗ ಅದರ ಮೇಲಿನ ಒಂದು ರಾಸಾಯನಿಕ ಗುರುತು ಅಳಿಸಿಹೋಗಿತ್ತು. ಸಸಿ ನೋಡಲು ಚೆನ್ನಾಗಿಯೇ ಇತ್ತು.

ಪಿಸ್ತಾದಲ್ಲೂ ಹಾಗೆಯೇ ಆಯಿತು. ಕ್ಯಾಲಿಫೋರ್ನಿಯಾ ಕಡೆ ಲ್ಯಾಬಿನಿಂದ ಬಂದ ‘ಯುಸಿಬಿ-1’ ಬೇರುಸಸಿಗಳಲ್ಲಿ ಕೆಲವು 2010ರ ದಶಕದಲ್ಲಿ ಪೊದೆಯಾಗಿ ಕುಗ್ಗಿ, ಮೇಲಿನ ಕಸಿಯನ್ನೂ ಸರಿಯಾಗಿ ಹಿಡಿಯದೆ ಹೋದವು. ಸಂಶೋಧಕರಿಗೆ ಆ ಗಿಡಗಳಲ್ಲಿ ರೋಡೋಕಾಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ನೆಟ್ಟವರು ತೋಟಗಳನ್ನೇ ಕೀಳಬೇಕಾಯಿತು. ಬಾಳೆ ತಪ್ಪಿದರೆ ಒಂದು ವರ್ಷ ಹೋಗುತ್ತದೆ. ಅಡಿಕೆ, ಗೇರು ತಪ್ಪಿದರೆ ಆಯುಷ್ಯದ ಒಂದು ಭಾಗವೇ ಹೋಗುತ್ತದೆ. ಸಿಪಿಸಿಆರ್‌ಐ ಸಸಿಗಳನ್ನು ಹಂಚಲು ನಿಧಾನ ಮಾಡಿದರೆ ನಾವು ಸಿಟ್ಟಾಗಬಾರದು.

ಗಿಡ ಕೊಳ್ಳುವವರು ಕೇಳಬೇಕಾದ್ದು

ನಮ್ಮಲ್ಲಿಗೆ ಬಂದವರಿಗೆ ನಾನು ಹೇಳುವುದು ಇಷ್ಟು. ಗೇರು ಕಸಿಯಾದರೆ ಕಡ್ಡಿ ಯಾವ ತಳಿಯದ್ದು, ಎಲ್ಲಿಂದ ತಂದದ್ದು ಎಂದು ಕೇಳಿ. ನರ್ಸರಿಗೆ ಸ್ವಂತ ತಾಯಿತೋಟ ಇದ್ದರೆ ನಡೆದು ನೋಡಿ. ಕೊಚ್ಚಿಯ ಗೇರು ಮತ್ತು ಕೊಕ್ಕೊ ಅಭಿವೃದ್ಧಿ ನಿರ್ದೇಶನಾಲಯ ನರ್ಸರಿಗಳಿಗೆ ಮಾನ್ಯತೆ ಕೊಡುತ್ತದೆ, ಆ ಪತ್ರ ಕೇಳಿ. ಗಿಡದ ಗಂಟು ಒಂದೇ ಸಮ ಕೂಡಿದೆಯೇ, ಗಂಟಿನ ಕೆಳಗಿಂದ ಚಿಗುರು ಬಂದಿದೆಯೇ ನೋಡಿ. ಕೆಳಗಿನ ಚಿಗುರನ್ನು ಚಿವುಟದೆ ಬಿಟ್ಟರೆ ಅದೇ ಮರವಾಗುತ್ತದೆ, ಕಸಿ ಸಾಯುತ್ತದೆ. ನೆಟ್ಟ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಚ್ಚಲು ಮರೆಯಬೇಡಿ.

ಟಿಶ್ಯೂ ಕಲ್ಚರ್ ಗಿಡವಾದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರಮಾಣೀಕರಣ ವ್ಯವಸ್ಥೆ 2006ರಿಂದ ಇದೆ, ಆ ಪ್ರಮಾಣಪತ್ರ ಕೇಳಿ. ಯಾವ ಮರದಿಂದ ಬಂತು, ಆ ಮರದಿಂದ ಹಿಂದೆ ಮಾಡಿದ ಗಿಡಗಳು ಫಸಲು ಕೊಟ್ಟಿವೆಯೇ ಎಂದು ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ.

ಕೊನೆಗೆ ಒಂದು ಬೇಡಿಕೆ. ಭಾಸ್ಕರ ತಳಿ ಬಂದದ್ದು ಗೋವಾದಲ್ಲಿ ಗುರುತಿಸಿದ ಒಂದು ಮರದಿಂದ. ಪುತ್ತೂರಿನ ಗೇರು ಜೀನ್ ಬ್ಯಾಂಕಿನಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಗೇರುಗಳಿವೆ, ಅವುಗಳಲ್ಲಿ ಎಷ್ಟೋ ಯಾರದೋ ಗುಡ್ಡೆಯಲ್ಲಿ ಯಾರೋ ಕಣ್ಣಿಟ್ಟು ನೋಡಿದ ಮರಗಳು. ನಾವು ಕಸಿ ಗಿಡ ನೆಡುತ್ತಾ ಹೋದಷ್ಟೂ ಗುಡ್ಡೆಗಳಲ್ಲಿ ಕೆಲವೇ ತಳಿ ತುಂಬುತ್ತವೆ. ಬೀಜದಿಂದ ಎದ್ದ ಹಳೆ ಮರಗಳು ರಬ್ಬರಿಗಾಗಿ, ಮನೆಗಾಗಿ ಉರುಳುತ್ತಿವೆ. ಹಾಗೆ ಉರುಳಿದ ಒಂದರಲ್ಲಿ ಟೀ ಸೊಳ್ಳೆ ಎಂಬ ಕೀಟಕ್ಕೆ ಬಗ್ಗದ ಗುಣ ಇದ್ದಿದ್ದರೆ ಅದನ್ನು ಯಾವ ಕತ್ತಿಯೂ, ಯಾವ ಲ್ಯಾಬೂ ಮರಳಿ ಕೊಡಲಾರದು.

ಆದ್ದರಿಂದ ಮರ ಕಡಿಸುವ ಮುನ್ನ ಒಂದೆರಡು ಫಸಲು ಗಮನವಿಡಿ. ಪಕ್ಕದ ಮರದ ಹೂ ಟೀ ಸೊಳ್ಳೆಗೆ ಕರಟಿದಾಗಲೂ ಕಾಯಿ ಕಟ್ಟಿದ ಮರ ಯಾವುದು, ಬುಡದಲ್ಲಿ ಕೊರಕದ ಹುಡಿ ಕಾಣದ ಮರ ಯಾವುದು, ನೂರು ಬೀಜ ತೂಗಿದರೆ ಮುಕ್ಕಾಲು ಕಿಲೋ ದಾಟುವ ಮರ ಯಾವುದು ಎಂದು ನೋಡಿ. ಅಂಥ ಮರ ಸಿಕ್ಕಿದರೆ ಸುಣ್ಣದ ಗೆರೆ ಎಳೆದು, ವರ್ಷದ ತೂಕ ಬರೆದಿಟ್ಟು, ಮೊಟ್ಟೆತ್ತಡ್ಕಕ್ಕೆ ಸುದ್ದಿ ಮುಟ್ಟಿಸಿ. ಅದರಿಂದ ಕಡ್ಡಿ ಕೊಯ್ಯುವ ಕೆಲಸ ನಮ್ಮದು, ತುದಿ ಹೆರೆಯುವ ಕೆಲಸ ಲ್ಯಾಬಿನವರದ್ದು. ಹುಡುಕುವ ಕೆಲಸ ಮಾತ್ರ ಆ ಗುಡ್ಡೆಯಲ್ಲಿ ದಿನಾ ನಡೆಯುವ ನಿಮ್ಮಿಂದಲೇ ಆಗಬೇಕು.